ಓಲ್ಡ್ ಟಾಮ್ ಮಾರಿಸ್: ಮೂರು ಚೆಂಡುಗಳ ಕಾಲ ಕಂಡವನು

ಓಲ್ಡ್ ಟಾಮ್ ಎಂದೇ ಪ್ರಸಿದ್ಧನಾದ ಥಾಮಸ್ ಮಾರಿಸ್ 1821ರ ಜೂನ್ 16ರಂದು ಸ್ಕಾಟ್ಲೆಂಡಿನ ಕಡಲತೀರದ ಊರಾದ ಸೇಂಟ್ ಆಂಡ್ರೂಸ್‌ನಲ್ಲಿ ನೇಕಾರನೊಬ್ಬನ ಮಗನಾಗಿ ಜನಿಸಿದನು. ಗಾಲ್ಫ್ ಚೆಂಡು ಹಾರುವ ದೂರಕ್ಕೆ ಮಿತಿ ಹಾಕಬೇಕೆ ಎಂಬ ಇಂದಿನ ವಿವಾದದ ಬೇರುಗಳು ಈತನ ಬಾಳಿನಲ್ಲೇ ಕಾಣಸಿಗುತ್ತವೆ.

ಹದಿಹರೆಯದಲ್ಲಿ ಟಾಮ್ ಅಂದಿನ ಅಗ್ರಗಣ್ಯ ಆಟಗಾರನೂ ಚೆಂಡು ತಯಾರಕನೂ ಆಗಿದ್ದ ಆಲನ್ ರಾಬರ್ಟ್‌ಸನ್ನನ ಬಳಿ ಕೆಲಸಕ್ಕೆ ಸೇರಿದನು. ತೊಗಲಿನ ಪುಟ್ಟ ಚೀಲದೊಳಗೆ ಒಂದು ಟೋಪಿ ತುಂಬುವಷ್ಟು ಬೇಯಿಸಿದ ಹೆಬ್ಬಾತಿನ ಗರಿಗಳನ್ನು ತುರುಕಿ ಹೊಲಿದರೆ ಒಂದು ಚೆಂಡು. ನುರಿತ ಕೈಗೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ಗರಿಯ ದೂಳು ಶ್ವಾಸಕೋಶಕ್ಕೆ ಎಂತಹುದೆಂಬುದನ್ನು ವೈದ್ಯರಾದ ನಮಗೆ ಯಾರೂ ವಿವರಿಸಬೇಕಿಲ್ಲ. ಇಷ್ಟು ಶ್ರಮದ ವಸ್ತು ದುಬಾರಿಯಾಗಿತ್ತು, ಒದ್ದೆಯಾದರೆ ಕೆಡುತ್ತಿತ್ತು. ಸಿರಿವಂತರಿಗಷ್ಟೇ ಎಟುಕುತ್ತಿತ್ತು.

1848ರ ಸುಮಾರಿಗೆ ಗಟ್ಟಾ ಪರ್ಚಾ ಚೆಂಡು ಬಂದಿತು. ಇದು ಮಲಯ ನಾಡಿನ ಮರವೊಂದರ ಗಟ್ಟಿಗೊಂಡ ಹಾಲು; ಬಿಸಿನೀರಿನಲ್ಲಿ ಮೆದುವಾಗಿ, ಆರಿದಾಗ ಗಡುಸಾಗುತ್ತದೆ. ಇಂದಿಗೂ ದಂತವೈದ್ಯರು ಹಲ್ಲಿನ ಬೇರಿನ ನಾಳವನ್ನು ಇದರಿಂದಲೇ ತುಂಬುತ್ತಾರೆ. 1840ರ ದಶಕದಲ್ಲಿ ಇದನ್ನು ಪಶ್ಚಿಮಕ್ಕೆ ಪರಿಚಯಿಸಿದವರಲ್ಲಿ ಪ್ರಮುಖನು ಸಿಂಗಪುರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯನಾಗಿದ್ದ ವಿಲಿಯಂ ಮಾಂಟ್ಗೊಮರಿ. ಹಿಂದೂಸ್ಥಾನದಿಂದ ಬಂದ ವಿಷ್ಣು ವಿಗ್ರಹದ ಸುತ್ತ ಹೊದಿಸಿದ್ದ ಗಟ್ಟಾ ಪರ್ಚಾದಿಂದ ಮೊದಲ ಚೆಂಡು ಮೂಡಿತೆಂಬ ಪ್ರತೀತಿಯೂ ಉಂಟು. ರಮ್ಯವಾದ ಕತೆ, ಅಷ್ಟೇ.

ರಾಬರ್ಟ್‌ಸನ್ ಹೊಸ ಚೆಂಡನ್ನು ದ್ವೇಷಿಸಿದನು. ಸಿಕ್ಕಿದ್ದನ್ನು ಸುಟ್ಟನು; ಅದರಲ್ಲಿ ಆಡುವುದಿಲ್ಲವೆಂದು ಟಾಮ್‌ನಿಂದ ಮಾತು ಪಡೆದನು. ಒಂದು ದಿನ ಆಟದ ನಡುವೆ ತನ್ನ ಚೆಂಡುಗಳು ಮುಗಿದಾಗ ಟಾಮ್ ಜೊತೆಗಾರನ ಗಟ್ಟಾ ಚೆಂಡನ್ನು ಎರವಲು ಪಡೆದನು. ಸುದ್ದಿ ಒಡೆಯನನ್ನು ಮುಟ್ಟಿತು, ಇಬ್ಬರೂ ಬೇರ್ಪಟ್ಟರು. ಇಲ್ಲಿ ಅಪಾಯಕ್ಕೊಳಗಾಗಿದ್ದುದು ಆಟದ ಘನತೆಯಲ್ಲ, ಅನ್ನದ ಬಟ್ಟಲು. ಅಗ್ಗದ ಚೆಂಡು ಬಡವರಿಗೂ ಆಟದ ಬಾಗಿಲು ತೆರೆಯಿತು. ಟಾಮ್‌ನ ಪಕ್ಷವೇ ಸರಿಯಾಗಿತ್ತೆಂದು ನನ್ನ ಅಭಿಮತ. ಕಡೆಗೆ ರಾಬರ್ಟ್‌ಸನ್ನನೂ ಹೊಸ ಚೆಂಡಿಗೆ ಒಲಿದನು.

1851ರಲ್ಲಿ ಟಾಮ್ ಪ್ರೆಸ್ಟ್‌ವಿಕ್‌ಗೆ ತೆರಳಿ ಅಲ್ಲಿನ ಮೈದಾನವನ್ನು ರೂಪಿಸಿದನು. 1860ರಲ್ಲಿ ಅಲ್ಲಿಯೇ ಆರಂಭವಾದ ಓಪನ್ ಪಂದ್ಯಾವಳಿಯನ್ನು 1861, 1862, 1864 ಮತ್ತು 1867ರಲ್ಲಿ ಗೆದ್ದನು. ಮಗ ಟಾಮಿ ತಂದೆಯನ್ನೂ ಮೀರಿಸಿ ತಾನೂ ನಾಲ್ಕು ಬಾರಿ ಗೆದ್ದನು. ಆದರೆ 1875ರ ಸೆಪ್ಟೆಂಬರಿನಲ್ಲಿ ಹೆರಿಗೆಯಲ್ಲಿ ಹೆಂಡತಿ, ಮಗು ಇಬ್ಬರನ್ನೂ ಕಳೆದುಕೊಂಡು, ಅದೇ ವರ್ಷದ ಕ್ರಿಸ್‌ಮಸ್ ದಿನ 24ನೆಯ ವಯಸ್ಸಿನಲ್ಲಿ ತೀರಿಕೊಂಡನು. ತಂದೆ ಆ ಬಳಿಕ ಮೂವತ್ತೆರಡು ವರ್ಷ ಬದುಕಿದನು.

1860ರ ದಶಕದ ನಡುವಿನಲ್ಲೇ ಸೇಂಟ್ ಆಂಡ್ರೂಸ್‌ಗೆ ಮರಳಿದ್ದ ಟಾಮ್, ಮೈದಾನಪಾಲಕನಾಗಿ ಹುಲ್ಲಿಗೆ ಮರಳು ಚೆಲ್ಲಿ ಪೋಷಿಸುವ ಕ್ರಮವನ್ನು ರೂಢಿಗೆ ತಂದನು. ಮರಳೇ ನೆಲವಾದ ಬಹರೇನಿನಲ್ಲಿ ನೆಲೆಸಿದ ನಮಗೆ ಇದು ಸೋಜಿಗವೆನಿಸೀತು. ತೈಲ ಕಂಪನಿಯ ಊರಾದ ಅವಾಲಿಯಲ್ಲಿ ಹುಲ್ಲಿಲ್ಲದ ಮರಳಿನ ಮೇಲೆಯೇ ಗಾಲ್ಫ್ ಆಡಿದವರಿದ್ದಾರೆ. ರಿಫಾದ ರಾಯಲ್ ಗಾಲ್ಫ್ ಕ್ಲಬ್ಬಿನ ಹಸಿರು ಮೈದಾನವನ್ನು ವಿನ್ಯಾಸಗೊಳಿಸಿದವನು ಕಾಲಿನ್ ಮಾಂಟ್ಗೊಮರಿ. ಹೆಸರಿನ ಸಾಮ್ಯ ಕೇವಲ ಕಾಕತಾಳೀಯ.

ಟಾಮ್‌ನ ಮುಪ್ಪಿನಲ್ಲಿ ಮೂರನೆಯ ಚೆಂಡು ಬಂದಿತು. ರಬ್ಬರ್ ದಾರ ಸುತ್ತಿದ ಅಮೆರಿಕದ ಹ್ಯಾಸ್ಕೆಲ್ ಚೆಂಡಿನಿಂದ ಸ್ಯಾಂಡಿ ಹರ್ಡ್ 1902ರ ಓಪನ್ ಗೆದ್ದನು. ದೂರ ಹೆಚ್ಚಿತು, ಮೈದಾನಗಳು ಉದ್ದವಾದವು. ಚೆಂಡಿನ ತೂಕ 1.62 ಔನ್ಸ್ ಮೀರಬಾರದು, ವ್ಯಾಸ 1.62 ಅಂಗುಲಕ್ಕಿಂತ ಕಡಿಮೆಯಿರಬಾರದು ಎಂದು ಆಡಳಿತ ಸಂಸ್ಥೆಗಳು ಒಪ್ಪಿದ್ದು 1920ರಲ್ಲಿ. 2023ರ ಡಿಸೆಂಬರಿನಲ್ಲಿ ಅವೇ ಸಂಸ್ಥೆಗಳು ಚೆಂಡಿನ ಪರೀಕ್ಷೆಯನ್ನು ಬಿಗಿಗೊಳಿಸುವುದಾಗಿ ಪ್ರಕಟಿಸಿದವು. ಅತಿ ದೂರ ಹೊಡೆಯುವವರಿಗೆ 13ರಿಂದ 15 ಗಜ ಕಡಿಮೆಯಾಗಬಹುದೆಂದು ಅವುಗಳ ಅಂದಾಜು. ತಯಾರಕರ ಆಕ್ಷೇಪದಲ್ಲಿ ರಾಬರ್ಟ್‌ಸನ್ನನ ಅಳಲಿನ ಛಾಯೆಯಿದೆ. ಆದರೆ ಗಟ್ಟಾ ಚೆಂಡು ಆಟವನ್ನು ಅಗ್ಗಗೊಳಿಸಿತ್ತು. ಇಂದಿನ ದೂರ ಅದನ್ನು ದುಬಾರಿಗೊಳಿಸುತ್ತಿದೆ. ಬಹರೇನಿನಂತಹ ಪುಟ್ಟ ದ್ವೀಪದಲ್ಲಿ ಪ್ರತಿ ಗಜ ಹುಲ್ಲಿಗೂ ನೆಲ ಬೇಕು, ನೀರು ಬೇಕು. ಮಿತಿಯೇ ಲೇಸೆಂದು ನನಗೆ ತೋರುತ್ತದೆ.

1903ರಲ್ಲಿ ಟಾಮ್ ನಿವೃತ್ತನಾದನು. 1908ರ ಮೇ 24ರಂದು, 86ನೆಯ ವಯಸ್ಸಿನಲ್ಲಿ, ಸೇಂಟ್ ಆಂಡ್ರೂಸ್‌ನ ನ್ಯೂ ಗಾಲ್ಫ್ ಕ್ಲಬ್ಬಿನ ಮೆಟ್ಟಿಲಿನಿಂದ ಬಿದ್ದು ತಲೆಬುರುಡೆ ಒಡೆದು ಮೃತನಾದನು. ಊರಿನ ಹಳೆಯ ಕೆಥೀಡ್ರಲ್‌ನ ಸ್ಮಶಾನದಲ್ಲಿ, ಮಗ ಟಾಮಿಯ ಬಳಿಯಲ್ಲಿ, ಅವನ ಸಮಾಧಿಯಿದೆ.