ಸರ್ ಮಿರ್ಜಾ ಇಸ್ಮಾಯಿಲ್ ಹಿಡಿದ ನಡುವಿನ ದಾರಿ

ಸರ್ ಮಿರ್ಜಾ ಇಸ್ಮಾಯಿಲ್ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಇರಾನಿನಿಂದ ಬಂದು ಕುದುರೆ ವ್ಯಾಪಾರ ಮಾಡಿದ ಅಲಿ ಆಸ್ಕರ್ ಅವರ ಮೊಮ್ಮಗ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದ ಅವರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು.

ಕೈಗಾರಿಕೆಗಳು ಸರ್ಕಾರದ ಕೈಯಲ್ಲಿರಬೇಕೋ, ಖಾಸಗಿಯವರ ಕೈಯಲ್ಲೋ ಎಂಬ ಪ್ರಶ್ನೆ ಅವರ ಮುಂದಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಪೂರ್ತಿ ಸರ್ಕಾರದ್ದು. ಅದರ ಆರಂಭದ ವರ್ಷಗಳ ನಷ್ಟವನ್ನು ಬೊಕ್ಕಸವೇ ಹೊರಬೇಕಾಯಿತು. ಎಲ್ಲವನ್ನೂ ಖಾಸಗಿಯವರಿಗೆ ಬಿಟ್ಟರೆ, ಹೊಸ ಉದ್ಯಮಕ್ಕೆ ಬಂಡವಾಳ ಹೂಡಲು ಧೈರ್ಯ ಮಾಡುವವರು ಕಡಿಮೆ. ಆದ್ದರಿಂದ ಮಿರ್ಜಾ ಅವರು ಎರಡನ್ನೂ ಕೂಡಿಸಿದರು. 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿಯಲ್ಲಿ ಸರ್ಕಾರದ ಜೊತೆ ರೈತರೂ ಷೇರುದಾರರಾದರು. ಇರ್ವಿನ್ ನಾಲೆಯ ನೀರಿನಲ್ಲಿ ಬೆಳೆದ ಕಬ್ಬಿಗೆ ಊರಲ್ಲೇ ಗಿರಾಕಿ ಸಿಕ್ಕಿತು.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಯುದ್ಧ ಹತ್ತಿರವಾದಾಗ ಈ ಹೊಂದಾಣಿಕೆ ಉಳಿಯಲಿಲ್ಲ. 1942ರಲ್ಲಿ ಭಾರತ ಸರ್ಕಾರ ಆಡಳಿತವನ್ನು ವಹಿಸಿಕೊಂಡಿತು. ವಾಲ್‌ಚಂದ್ ತಮ್ಮ ಪಾಲು ಬಿಟ್ಟುಕೊಟ್ಟರು. ಆದರೂ ಕಾರ್ಖಾನೆ ಬೆಂಗಳೂರಿನಲ್ಲೇ ಬೆಳೆಯಿತು. ಅದೇ ಇಂದಿನ ಎಚ್.ಎ.ಎಲ್.

ಮುಂದೆ ಜೈಪುರ ಮತ್ತು ಹೈದರಾಬಾದ್ ಸಂಸ್ಥಾನಗಳಲ್ಲೂ ಪ್ರಧಾನಿಯಾಗಿ ಸೇವೆ ಸಲ್ಲಿಸಿದ ಮಿರ್ಜಾ ಅವರು 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು. ಒಡೆತನ ಯಾರದು ಎಂಬ ವಾದಕ್ಕಿಂತ, ಕಾರ್ಖಾನೆ ನಿಂತು ನಾಲ್ಕು ಜನರಿಗೆ ಅನ್ನ ಸಿಗುವುದು ಅವರಿಗೆ ಮುಖ್ಯವಾಗಿತ್ತು. ನಮ್ಮ ವಿದ್ಯಾರ್ಥಿಗಳು ಅವರ ಜೀವನದಿಂದ ಕಲಿಯಬೇಕಾದ ಪಾಠವಿದು.