ಹಡಗು ಹೋಯಿತು, ಕಸುಬು ಉಳಿಯಿತು

ವಯಸ್ಸು ನಲವತ್ತೆಂಟರ ಆಸುಪಾಸು. ಕೈಯಲ್ಲಿ ಕೆಲಸವಿಲ್ಲ. ಕಲಿತ ವಿದ್ಯೆ ಒಂದೇ, ಹಾಯಿಹಡಗು ನಡೆಸುವುದು. ಆದರೆ ಬಂದರುಗಳ ತುಂಬ ಉಗಿಹಡಗುಗಳು. ಹಾಯಿ ಕಟ್ಟುವ ಕ್ಯಾಪ್ಟನ್ನರು ಯಾರಿಗೂ ಬೇಡ. 1892ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಹೀಗೆ ಕೈಚೆಲ್ಲಿ ನಿಂತವನು ಜೋಶುವಾ ಸ್ಲೋಕಮ್. ಆರು ವರ್ಷಗಳ ನಂತರ ಆತ ಹಾಯಿದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿದ ಮೊದಲ ಮನುಷ್ಯನಾದ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಆತ ಇಷ್ಟವಾಗಿದ್ದು ಆ ದಾಖಲೆಗಾಗಿ ಅಲ್ಲ, ಎಲ್ಲ ಕಳೆದುಕೊಂಡಾಗ ಆತ ಮಾಡಿದ ಕೆಲಸಕ್ಕಾಗಿ.

ಸ್ಲೋಕಮ್ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕಾಟಿಯಾದಲ್ಲಿ. ಬೆಳೆದದ್ದು ಅಲ್ಲಿನ ಬ್ರಯರ್ ದ್ವೀಪದಲ್ಲಿ. ಅಪ್ಪ ಮೀನುಗಾರರಿಗೆ ಬೂಟು ಮಾಡಿಕೊಡುತ್ತಿದ್ದ. ಹುಡುಗನೂ ಶಾಲೆ ಬಿಟ್ಟು ಅದೇ ಅಂಗಡಿಯಲ್ಲಿ ಕೂರಬೇಕಾಯಿತು. ಕಿಟಕಿಯಾಚೆ ಸಮುದ್ರವಿರುವಾಗ ಚರ್ಮದ ಮುಂದೆ ಎಷ್ಟು ದಿನ ಕೂತಾನು? ಹದಿನಾಲ್ಕಕ್ಕೆ ಮನೆಬಿಟ್ಟು ಮೀನುಗಾರಿಕೆ ಹಡಗಿನಲ್ಲಿ ಅಡುಗೆಗೆ ಸೇರಿದ. 1860ರಲ್ಲಿ ತಾಯಿ ತೀರಿಕೊಂಡ ಮೇಲೆ ಕಡಲೇ ಆತನ ಮನೆಯಾಯಿತು. ಇಪ್ಪತ್ತೈದರ ಹೊತ್ತಿಗೆ ಕ್ಯಾಪ್ಟನ್ ಕೂಡ ಆದ.

1871ರಲ್ಲಿ ಸಿಡ್ನಿಯಲ್ಲಿ ವರ್ಜೀನಿಯಾ ವಾಕರ್ ಎಂಬಾಕೆಯನ್ನು ಮದುವೆಯಾದ. ಆಕೆ ದಡದಲ್ಲಿ ಕಾಯುತ್ತ ಕೂರಲಿಲ್ಲ, ಗಂಡನ ಜೊತೆ ಹಡಗು ಹತ್ತಿದಳು. ಏಳು ಮಕ್ಕಳಲ್ಲಿ ಉಳಿದದ್ದು ನಾಲ್ಕು. ಅವರು ಬೆಳೆದದ್ದು ಹಡಗಿನ ಮೇಲೆ, ಅವರಿಗೆ ಪಾಠ ಹೇಳಿದ್ದು ಅಮ್ಮನೇ. 1884ರಲ್ಲಿ ಬ್ಯೂನಸ್ ಐರಿಸ್ ಬಳಿ ಲಂಗರು ಹಾಕಿದ್ದ ಹಡಗಿನಲ್ಲೇ ಆಕೆ ತೀರಿಕೊಂಡಳು. ಎರಡು ವರ್ಷಗಳ ನಂತರ ಸ್ಲೋಕಮ್ ಹೆಟ್ಟಿ ಎಂಬ ಸಂಬಂಧಿಯನ್ನು ಮದುವೆಯಾದ. ಆತನೇನೂ ಸಂತನಲ್ಲ. ಹಡಗಿನಲ್ಲಿ ದಂಗೆಯೆದ್ದವರ ಮೇಲೆ ಗುಂಡು ಹಾರಿಸಿ ಒಬ್ಬನನ್ನು ಕೊಂದ. ವಿಚಾರಣೆಯಲ್ಲಿ ನಿರ್ದೋಷಿ ಎಂದು ತೀರ್ಪಾಯಿತು.

ನಿಜವಾದ ಪೆಟ್ಟು ಬಿದ್ದದ್ದು 1887ರ ಕೊನೆಯಲ್ಲಿ. ಬ್ರೆಜಿಲಿನ ಪರನಾಗ್ವಾ ಕೊಲ್ಲಿಯಲ್ಲಿ ಆತನ ಸ್ವಂತ ಹಡಗು ಅಕ್ವಿಡ್ನೆಕ್ ಮರಳಿಗೆ ಸಿಕ್ಕು ನಾಶವಾಯಿತು. ವಿಮೆ ಇರಲಿಲ್ಲ. ಜೊತೆಗೆ ಹೆಟ್ಟಿ, ದೊಡ್ಡ ಮಗ ವಿಕ್ಟರ್, ಪುಟ್ಟ ಗಾರ್ಫೀಲ್ಡ್. ಊರು ಸಾವಿರಾರು ಮೈಲಿ ದೂರ. ಆಗ ಸ್ಲೋಕಮ್ ಕೊಡಲಿ ಹಿಡಿದ. ಒಡೆದ ಹಡಗಿನಿಂದ ಸಿಕ್ಕ ಸಾಮಾನು, ಅಲ್ಲೇ ಕಡಿದ ಮರ ಸೇರಿಸಿ 35 ಅಡಿಯ ದೋಣಿ ಕಟ್ಟಿದ. ಹಾಯಿ ಹೊಲಿದವಳು ಹೆಟ್ಟಿ. ದೋಣಿ ನೀರಿಗಿಳಿದದ್ದು 1888ರ ಮೇ 13ರಂದು. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದದ್ದೂ ಅದೇ ದಿನ. ಹಾಗಾಗಿ ದೋಣಿಗೆ ಲಿಬರ್ಡಾಡೆ ಎಂದು ಹೆಸರಿಟ್ಟ. ಪೋರ್ಚುಗೀಸಿನಲ್ಲಿ ಅದರರ್ಥ ಸ್ವಾತಂತ್ರ್ಯ.

ನಾಲ್ವರ ಆ ಸಂಸಾರ ಬ್ರೆಜಿಲಿನ ಕರಾವಳಿ ಹಿಡಿದು ಸ್ಯಾಂಟೋಸ್, ರಿಯೊ, ಬಹಿಯಾ ಬಂದರುಗಳನ್ನು ದಾಟಿತು. ಕೆರಿಬಿಯನ್ ದ್ವೀಪಗಳಲ್ಲಿ ತಂಗಿ, ಅಕ್ಟೋಬರ್ ಕೊನೆಗೆ ಅಮೆರಿಕದ ದಕ್ಷಿಣ ಕೆರೊಲಿನಾ ತೀರ ಮುಟ್ಟಿತು. ದೋಣಿ ಸಾಗಿದ್ದು 5,500 ಮೈಲಿಗೂ ಹೆಚ್ಚು. ಅಲ್ಲಿಂದಾಚೆಯ ದಾರಿ ಬಹುಪಾಲು ಸುಖದ್ದು. ತೆರೆದ ಕಡಲಿನ ಬದಲು ತೀರದೊಳಗಿನ ಹಿನ್ನೀರು, ನದಿ, ಕಾಲುವೆಗಳ ಜಲಮಾರ್ಗ. ಊರೂರು ನೋಡುತ್ತ ಡಿಸೆಂಬರ್ 27ಕ್ಕೆ ವಾಷಿಂಗ್ಟನ್ ಸೇರಿದರು. ಹೆಟ್ಟಿಗೆ ಅಷ್ಟಕ್ಕೇ ಸಾಕಾಯಿತು. ಮತ್ತೆಂದೂ ಆಕೆ ಗಂಡನ ಜೊತೆ ದೂರದ ಯಾನಕ್ಕೆ ಹೋಗಲಿಲ್ಲ.

ನಮ್ಮ ಮನೆಯಲ್ಲೂ ಒಂದು ಹಡಗು ಮುಳುಗಿದೆ. ಅಪ್ಪ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋದವು. ಬೋರ್ಡು ಇಳಿಸಿದ ದಿನ ಅಪ್ಪ ಊಟ ಮಾಡಲಿಲ್ಲ. ಈಗ ಕೋರ್ಟಿನ ಎದುರು ಕುಳಿತು ಅರ್ಜಿ, ಕರಾರುಪತ್ರಗಳನ್ನು ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡುತ್ತಾರೆ. ಬೆರಳಿನ ವೇಗ ಗುಜರಿಗೆ ಹೋಗಿರಲಿಲ್ಲ. ಸ್ಲೋಕಮ್ ಕಥೆ ಓದುವಾಗ ನನಗೆ ಕಂಡದ್ದು ಇದೇ. ಕೆಲಸ ಬೇರೆ, ಕಸುಬು ಬೇರೆ. ಕೆಲಸವನ್ನು ಕಾಲ ಕಿತ್ತುಕೊಳ್ಳಬಹುದು, ಕಸುಬು ಕೈಯಲ್ಲೇ ಉಳಿಯುತ್ತದೆ.

ನಿರುದ್ಯೋಗಿ ಸ್ಲೋಕಮ್‌ಗೆ ಪರಿಚಯದ ಕ್ಯಾಪ್ಟನ್ ಒಬ್ಬ ಒಂದು ಹಡಗು ಕೊಡುತ್ತೇನೆಂದ. ಫೇರ್‌ಹೇವನ್ ಊರಿಗೆ ಹೋಗಿ ನೋಡಿದರೆ, ಅದು ಹೊಲದಲ್ಲಿ ಮುರಿದುಬಿದ್ದಿದ್ದ ಹಳೆಯ ದೋಣಿ. ಹೆಸರು ಸ್ಪ್ರೇ. ಸ್ಲೋಕಮ್ ಹತ್ತಿರದ ಓಕ್ ಮರ ಕಡಿದು ಒಂದೊಂದೇ ಹಲಗೆ ಬದಲಿಸಿದ. 13 ತಿಂಗಳ ದುಡಿಮೆ, 553 ಡಾಲರ್ ಚಿಲ್ಲರೆ ಖರ್ಚು. ಇದರಿಂದ ಲಾಭವೇನು ಎಂದು ಬಂದುಹೋಗುವವರು ಕೇಳುತ್ತಲೇ ಇದ್ದರು.

1895ರ ಏಪ್ರಿಲ್ 24ರಂದು, 51ನೇ ವಯಸ್ಸಿನಲ್ಲಿ, ಬೋಸ್ಟನ್ನಿನಿಂದ ಹೊರಟ. ಭೂಮಿ ಸುತ್ತಲು ಹೊರಟವನು ನೇರ ಅಟ್ಲಾಂಟಿಕ್‌ಗೆ ಇಳಿಯಬೇಕಿತ್ತಲ್ಲ? ಇಲ್ಲ, ಕರಾವಳಿ ಹಿಡಿದು ಮೊದಲು ಬ್ರಯರ್ ದ್ವೀಪಕ್ಕೆ ಹೋದ. ಬಾಲ್ಯದ ಊರಿನಲ್ಲಿ ತಂಗಿ, ದೋಣಿಯ ಸಂದುಗಳನ್ನು ಇನ್ನೊಮ್ಮೆ ಪರೀಕ್ಷಿಸಿ ಮುಂದುವರಿದ. ಪಕ್ಕದ ಯಾರ್ಮತ್‌ನಲ್ಲಿ ಒಂದು ಡಾಲರಿಗೆ ತಗಡಿನ ಗಡಿಯಾರ ಕೊಂಡ. ಮುಖದ ಗಾಜು ಒಡೆದಿದ್ದರಿಂದ ಬೆಲೆಯಲ್ಲಿ ರಿಯಾಯಿತಿ. ಆಮೇಲೆ ಮೊರೊಕ್ಕೊ ಬಳಿ ಕಡಲ್ಗಳ್ಳರು, ಮೆಗಲನ್ ಜಲಸಂಧಿಯ ಬಿರುಗಾಳಿ ಎಲ್ಲವನ್ನೂ ದಾಟಿದ. ಹುವಾನ್ ಫರ್ನಾಂಡಿಸ್ ದ್ವೀಪದವರಿಗೆ ಡೋನಟ್ ಕರಿಯುವುದನ್ನು ಕಲಿಸಿ, ದಾರಿಯಲ್ಲಿ ಸಿಕ್ಕಿದ್ದ ಕೊಬ್ಬನ್ನು ಮಾರಿದ. ಬಂದರುಗಳಲ್ಲಿ ಉಪನ್ಯಾಸ ಕೊಟ್ಟು ಖರ್ಚು ತೂಗಿಸಿದ. ಇಷ್ಟಾಗಿ ಆತನಿಗೆ ಈಜು ಬರುತ್ತಿರಲಿಲ್ಲ.

46,000 ಮೈಲಿ ಸಾಗಿ 1898ರ ಜೂನ್ 27ರಂದು ನ್ಯೂಪೋರ್ಟ್ ತಲುಪಿದ. ಆದರೂ ಯಾನ ಮುಗಿಯಿತೆಂದು ಆತನಿಗೆ ಅನ್ನಿಸಲಿಲ್ಲ. ಕೆಲವು ದಿನಗಳಲ್ಲಿ ಫೇರ್‌ಹೇವನ್‌ಗೆ ಹೋಗಿ, ಸ್ಪ್ರೇ ನೀರಿಗಿಳಿದ ದಿನ ಕಟ್ಟಿದ್ದ ಅದೇ ಗೂಟಕ್ಕೆ ಕಟ್ಟಿದ. 1900ರಲ್ಲಿ ಬಂದ ಆತನ ಪುಸ್ತಕ ಇಂದಿಗೂ ಅಚ್ಚಾಗುತ್ತಿದೆ. ಶಾಲೆ ಬಿಟ್ಟ ಬೂಟಿನಂಗಡಿಯ ಹುಡುಗ ಬರೆದದ್ದು ಅದು. ಅರವತ್ತೈದರ ಸುಮಾರಿನಲ್ಲಿ ಸ್ಪ್ರೇ ಏರಿ ದಕ್ಷಿಣಕ್ಕೆ ಹೊರಟವನು ಮರಳಲಿಲ್ಲ. 1924ರಲ್ಲಿ ಕಾನೂನು ಪ್ರಕಾರ ಆತ ಮೃತನೆಂದು ಘೋಷಿಸಲಾಯಿತು.

ಸಂದರ್ಶನಗಳಲ್ಲಿ ನಮ್ಮನ್ನು ಕೇಳುವುದು ಯಾವ ಕೆಲಸ ಮಾಡಿದ್ದೀರಿ ಎಂದು. ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ: ಹಡಗು ಒಡೆದ ಮರುದಿನ ನನ್ನ ಕೈ ಏನು ಮಾಡಬಲ್ಲದು?