ಚರ್ಚಿಲ್ ಕಥೆ ಸುಳ್ಳು, ಸೂಕ್ಷ್ಮಾಣುಗಳ ಜೊತೆಗಿನ ಆಟ ನಿಜ: ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್

ಕೆಸರಿನಲ್ಲಿ ಮುಳುಗುತ್ತಿದ್ದ ಬಾಲಕ ಚರ್ಚಿಲ್‌ನನ್ನು ಒಬ್ಬ ಬಡ ರೈತ ಕಾಪಾಡಿದ. ಅದಕ್ಕೆ ಪ್ರತಿಯಾಗಿ ಚರ್ಚಿಲ್‌ನ ತಂದೆ ಆ ರೈತನ ಮಗನನ್ನು ಓದಿಸಿದರು. ಆ ಮಗನೇ ಪೆನಿಸಿಲಿನ್ ಕಂಡುಹಿಡಿದು ಮುಂದೆ ಚರ್ಚಿಲ್ ಪ್ರಾಣ ಉಳಿಸಿದ. ಈ ಮೆಸೇಜ್ ನಿಮಗೂ ಬಂದಿರಬಹುದು.

ಇದು ನಿಜವೇ? ಅಲ್ಲ. 1943ರ ಕೊನೆಯಲ್ಲಿ ಚರ್ಚಿಲ್‌ಗೆ ನ್ಯುಮೋನಿಯಾ ಬಂದಾಗ ಕೊಟ್ಟದ್ದು ಸಲ್ಫಾ ಮಾತ್ರೆ, ಪೆನಿಸಿಲಿನ್ ಅಲ್ಲ. ಫ್ಲೆಮಿಂಗ್ ಓದಿಗೆ ನೆರವಾದದ್ದು ಚಿಕ್ಕಪ್ಪನೊಬ್ಬರು ಬಿಟ್ಟುಹೋದ ಹಣ. ಹಾಗಾದರೆ ನಿಜವಾದ ಕಥೆ ಏನು? ನೋಡೋಣ.

ಅಲೆಕ್ಸಾಂಡರ್ ಫ್ಲೆಮಿಂಗ್ ಹುಟ್ಟಿದ್ದು 1881ರಲ್ಲಿ, ಸ್ಕಾಟ್ಲೆಂಡಿನ ಒಂದು ರೈತ ಕುಟುಂಬದಲ್ಲಿ. ಏಳನೇ ವಯಸ್ಸಿಗೆ ತಂದೆ ತೀರಿಕೊಂಡರು. ಹದಿಹರೆಯದಲ್ಲಿ ಲಂಡನ್‌ಗೆ ಬಂದು ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾದರು. ಆಮೇಲೆ ಸೇಂಟ್ ಮೇರಿ ಆಸ್ಪತ್ರೆಯ ಕಾಲೇಜಿನಲ್ಲಿ ವೈದ್ಯಕೀಯ ಓದಿ, ಅಲ್ಲಿಯೇ ಸಂಶೋಧಕರಾದರು.

ಅವರಿಗೆ ಕೆಲಸದ ಜಾಗದಲ್ಲೇ ಒಂದು ವಿಚಿತ್ರ ಆಟವಿತ್ತು. ಕೆಲವು ಬ್ಯಾಕ್ಟೀರಿಯಾ ಬೆಳೆದಾಗ ಕೆಂಪು, ಹಳದಿ, ನೇರಳೆ ಬಣ್ಣ ಬರುತ್ತದೆ. ಫ್ಲೆಮಿಂಗ್ ಅವನ್ನೇ ಬಣ್ಣ ಮಾಡಿಕೊಂಡು ಮನೆ, ಸೈನಿಕ, ನರ್ತಕಿಯರ ಚಿತ್ರ ಬಿಡಿಸುತ್ತಿದ್ದರು. ಬಿಡಿಸುವಾಗ ಏನೂ ಕಾಣದು. ಸೂಕ್ಷ್ಮಾಣು ಬೆಳೆದ ಮೇಲೆಯೇ ಚಿತ್ರ ಮೂಡುವುದು. ಯಾವುದು ಎಷ್ಟು ಬೇಗ ಬೆಳೆಯುತ್ತದೆ, ಯಾವುದರ ಪಕ್ಕ ಯಾವುದು ನಿಲ್ಲುತ್ತದೆ ಎಂದು ಗೊತ್ತಿಲ್ಲದಿದ್ದರೆ ಚಿತ್ರ ಕೆಡುತ್ತಿತ್ತು. ಅಂದರೆ ಆಟದಲ್ಲೇ ಪಾಠವಿತ್ತು.

1921ರಲ್ಲಿ ನೆಗಡಿಯಾದಾಗ ತಮ್ಮದೇ ಸಿಂಬಳವನ್ನು ಬ್ಯಾಕ್ಟೀರಿಯಾ ತಟ್ಟೆಗೆ ಹಾಕಿ ನೋಡಿದರು. ಸುತ್ತಲಿನ ಬ್ಯಾಕ್ಟೀರಿಯಾ ಕರಗಿದವು! ಹೀಗೆ ಸಿಕ್ಕಿದ್ದು ಲೈಸೋಜೈಮ್. ಅದು ನಮ್ಮ ಕಣ್ಣೀರು, ಎಂಜಲಿನಲ್ಲೂ ಇದೆ. ಪರೀಕ್ಷೆಗೆ ಬೇಕಾದ ಕಣ್ಣೀರನ್ನು ಸಹೋದ್ಯೋಗಿಗಳಿಂದ ನಿಂಬೆಹಣ್ಣು ಬಳಸಿ ಬರಿಸುತ್ತಿದ್ದರು.

ಹಳೆಯ ತಟ್ಟೆಗಳನ್ನು ಅವರು ಕೂಡಲೇ ಎಸೆಯುತ್ತಲೂ ಇರಲಿಲ್ಲ. 1928ರ ಸೆಪ್ಟೆಂಬರ್‌ನಲ್ಲಿ ರಜೆ ಮುಗಿಸಿ ಬಂದಾಗ ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು, ಅದರ ಸುತ್ತ ಬ್ಯಾಕ್ಟೀರಿಯಾ ಸತ್ತಿದ್ದವು. ಬೇರೆಯವರಾಗಿದ್ದರೆ ಕೆಟ್ಟಿತೆಂದು ತೊಳೆದಿಡುತ್ತಿದ್ದರೇನೋ. ವರ್ಷಗಳಿಂದ ಸೂಕ್ಷ್ಮಾಣುಗಳ ಜೊತೆ ಆಡಿದ್ದ ಅವರ ಕಣ್ಣಿಗೆ ಅದು ಹೊಸದಾಗಿ ಕಂಡಿತು. ಅದೇ ಪೆನಿಸಿಲಿನ್.

ಆದರೆ ಆಟವೊಂದರಿಂದಲೇ ಔಷಧಿ ಆಗಲಿಲ್ಲ. ಫ್ಲೆಮಿಂಗ್‌ಗೆ ಅದನ್ನು ಶುದ್ಧಗೊಳಿಸಲು ಆಗಲಿಲ್ಲ. ಸುಮಾರು ಹತ್ತು ವರ್ಷಗಳ ನಂತರ ಆಕ್ಸ್‌ಫರ್ಡ್‌ನಲ್ಲಿ ಫ್ಲೋರಿ, ಚೈನ್, ಹೀಟ್ಲಿ ಮತ್ತವರ ತಂಡ ಬೆವರು ಸುರಿಸಿ ಆ ಕೆಲಸ ಮುಗಿಸಿತು. 1945ರ ನೊಬೆಲ್ ಬಹುಮಾನ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ಸಂದಿತು; ಹೀಟ್ಲಿಗೆ ಸಿಗಲಿಲ್ಲ.

ನೊಬೆಲ್ ಭಾಷಣದಲ್ಲೇ ಫ್ಲೆಮಿಂಗ್ ಒಂದು ಎಚ್ಚರಿಕೆ ಕೊಟ್ಟಿದ್ದರು: ಕಡಿಮೆ ಪ್ರಮಾಣದಲ್ಲಿ ಔಷಧಿ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತವೆ. ಇಂದು ಆಗುತ್ತಿರುವುದೂ ಅದೇ. 1955ರಲ್ಲಿ ಅವರು ತೀರಿಕೊಂಡರು.

ನಾವು ಹೇಳುವುದಿಷ್ಟೇ: ಕೆಲಸದ ನಡುವೆ ಕುತೂಹಲದಿಂದ ಏನನ್ನಾದರೂ ಮಾಡಿ ನೋಡುವವರನ್ನು ಸಮಯ ಹಾಳು ಮಾಡುತ್ತಾರೆಂದು ಬೈಯುವ ಮುನ್ನ ಯೋಚಿಸಿ. ವೈದ್ಯರು ಹೇಳದೆ ಆಂಟಿಬಯೋಟಿಕ್ ನುಂಗಬೇಡಿ. ಚರ್ಚಿಲ್ ಕಥೆ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಈ ನಿಜ ಕಥೆ ಕಳಿಸಿ.